ಹನ್ನೆರಡನೇ ಸೂಜಿ

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಬಾಬಿನ್ನು ಮಗಳಿಗೆ,

ಈ ಹೆಸರು ನೋಡಿ ಮುಖ ಸಿಂಡರಿಸಬೇಡ. ಹೊಲಿಗೆ ಯಂತ್ರದಿಂದ ಜಾರಿಬಿದ್ದ ಬಾಬಿನ್ನಿನ ಹಾಗೆ ಮನೆಯೆಲ್ಲ ಉರುಳಾಡುತ್ತಿದ್ದವಳನ್ನು ಬೇರೆ ಏನೆಂದು ಕರೆಯಬೇಕಿತ್ತು? ಎರಡು ವರ್ಷದಿಂದ ಈ ಹೆಸರನ್ನು ಬಾಯಿಬಿಟ್ಟು ಕೂಗಿಲ್ಲ. ಇವತ್ತು ಬರೆದು ನೋಡಿದೆ, ಕೈ ಮರೆತಿಲ್ಲ.

ಕಾಗದ ಅಂದಮೇಲೆ ಮೊದಲು ಕ್ಷೇಮ ಸಮಾಚಾರ ಬರೆಯಬೇಕು. ಮಂಡಿ ಮೊದಲಿನ ಹಾಗೇ ಇದೆ, ಬಾಯಿಯೂ ಮೊದಲಿನ ಹಾಗೇ ಇದೆ, ಕಣ್ಣು ಮಾತ್ರ ಕೈಕೊಟ್ಟಿದೆ, ಅಂದಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ, ಅದಕ್ಕೇ ಕೇಳುವುದಿಲ್ಲ. ಶನಿವಾರ ಮಧ್ಯಾಹ್ನ ನಿಮ್ಮ ಮನೆಗೆ ಬಂದು ಮಗುವಿನ ಕೌದಿ ತೆಗೆದುಕೊಂಡು ಹೋದ ಮುದುಕಿ ನಾನೇ. ಇದನ್ನು ಹೇಳಲಿಕ್ಕೆಂದೇ ಈ ಕಾಗದ.

ಗಾಬರಿಯಾಗಬೇಡ. ನಿಮ್ಮ ಕೌದಿಯಲ್ಲಿ ಸೂಜಿ ಇರಲಿಲ್ಲ. ಮಗುವಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಉಳಿದದ್ದನ್ನು ಸಾವಧಾನವಾಗಿ ಓದು.

ನಾನು ಅಂಗಡಿ ಮುಚ್ಚಿ ಒಂದೂವರೆ ವರ್ಷವಾಯಿತು. ದಾರ ಪೋಣಿಸಲು ಹತ್ತು ನಿಮಿಷ ತಿಣುಕಾಡುವ ದರ್ಜಿಯ ಹತ್ತಿರ ಯಾರು ಅಳತೆ ಕೊಡುತ್ತಾರೆ ಹೇಳು. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದವಳನ್ನು ಕಂಡಕ್ಟರಮ್ಮ ಬಂದು ಕೈಹಿಡಿದು ಎಳೆದುಕೊಂಡು ಹೋದಳು. ನಿನಗೆ ಅವಳು ಗೊತ್ತಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಹೆಂಗಸು. ಈಗಲೂ ಯಾರಾದರೂ ಬಾಗಿಲಲ್ಲಿ ನಿಂತರೆ ಸಾಕು, "ಒಳಗೆ ನಡೀರಿ, ಮಧ್ಯೆ ಜಾಗ ಇದೆ" ಎಂದು ಕೂಗುತ್ತಾಳೆ. ಜೊತೆಗೆ ಉಣ್ಣೆಯಜ್ಜಿ ಇದ್ದಾಳೆ. ಎಂಬತ್ತು ದಾಟಿದೆ, ಜೀವನವಿಡೀ ಸ್ವೆಟರ್ ಹೆಣೆದು ಮಾರಿದವಳು, ಈಗ ಬೆರಳು ಬಗ್ಗುವುದಿಲ್ಲ, ನಾಲಗೆ ಚೆನ್ನಾಗಿ ಬಗ್ಗುತ್ತದೆ. ನಾವು ಮೂವರು ಬಟನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಕೌದಿ ಹೊಲಿಯುತ್ತೇವೆ. ಹೌದು, ಅದೇ ಬಟನ್ ಅಂಗಡಿ. ಬಾಡಿಗೆ ಕೇಳದೆ ಕೋಣೆ ಬಿಟ್ಟುಕೊಟ್ಟಿದ್ದಾನೆ. ಅವನ ಮೇಲೆ ನನಗಿರುವ ಸಿಟ್ಟು ಹಾಗೇ ಇದೆ, ಕೋಣೆಯನ್ನೂ ಬಳಸುತ್ತೇನೆ.

ಊರಿನ ದರ್ಜಿ ಅಂಗಡಿಗಳೆಲ್ಲ ಚೂರು ಬಟ್ಟೆಯನ್ನು ಮೂಟೆ ಕಟ್ಟಿ ನಮಗೆ ಕೊಡುತ್ತವೆ. ಅದನ್ನು ಸುರಿದು, ಚುಚ್ಚುವ ಬಟ್ಟೆ ಒಂದು ಕಡೆ, ಹತ್ತಿ ಬಟ್ಟೆ ಒಂದು ಕಡೆ ಮಾಡುತ್ತೇವೆ. ಹತ್ತಿಯದನ್ನು ಬಿಸಿನೀರಿನಲ್ಲಿ ಒಗೆದು, ಇಸ್ತ್ರಿ ಹಾಕಿ, ಚೌಕ ಕತ್ತರಿಸುತ್ತೇವೆ. ಒಳಗೆ ಹಳೆಯ ಮೆತ್ತನೆಯ ಬೆಡ್‌ಶೀಟು, ಮೇಲೆ ಕೆಳಗೆ ತುಂಡುಗಳು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುವುದು. ಗಂಟೆಲ್ಲ ಒಳಗೇ ಹೋಗಬೇಕು, ಮಗುವಿನ ಬೆರಳಿಗೆ ಸಿಗಬಾರದು. ತಿಂಗಳಿಗೆ ಹತ್ತೋ ಹನ್ನೊಂದೋ ಆಗುತ್ತವೆ. ಲಸಿಕೆ ಹಾಕುವ ಬುಧವಾರ ನರ್ಸಮ್ಮ ಬಂದು ಒಯ್ಯುತ್ತಾಳೆ. ಮೊದಲ ಮಗುವಾದ ಹುಡುಗ ಹುಡುಗಿಯರಿಗೆ, ಅದರಲ್ಲೂ ಮನೆಯಲ್ಲಿ ಹಿರಿಯರು ಅಂತ ಯಾರೂ ಇಲ್ಲದವರಿಗೆ ಆರಿಸಿ ಕೊಡುತ್ತಾಳೆ. ಯಾರಿಗೆ ಕೊಟ್ಟೆ ಎಂದು ನಾವು ಕೇಳುವಂತಿಲ್ಲ. ಕೇಳಿದರೆ ನಾವು ಕೊಟ್ಟದ್ದು, ನಾವು ಕೊಟ್ಟದ್ದು ಎಂದು ಊರೆಲ್ಲ ಡಂಗುರ ಹೊಡೆಯುತ್ತೇವಂತೆ. ಕಂಡಕ್ಟರಮ್ಮನ ವಿಷಯದಲ್ಲಿ ಅದು ನಿಜ.

ಇನ್ನು ಸೂಜಿಯ ಮಾತು. ಕೌದಿ ಸೂಜಿ ದಪ್ಪ, ಉದ್ದ. ಒಟ್ಟು ಹನ್ನೆರಡು ಇವೆ. ಗೋಡೆಗೆ ಹೊಡೆದ ಕೆಂಪು ಉಣ್ಣೆ ಬಟ್ಟೆಗೆ ಚುಚ್ಚಿಟ್ಟಿರುತ್ತೇವೆ. ಸಂಜೆ ಏಳುವ ಮೊದಲು ಒಬ್ಬಳು ನಿಂತು ಎಣಿಸಿ ಗಟ್ಟಿಯಾಗಿ "ಹನ್ನೆರಡು" ಅನ್ನಬೇಕು. ಆಮೇಲೇ ಕಂಡಕ್ಟರಮ್ಮ "ರೈಟ್" ಅನ್ನುವುದು, ಆಮೇಲೇ ಬೀಗ. ನಲವತ್ತು ವರ್ಷ ಸೂಜಿ ಹಿಡಿದವಳು ಎಂದು ಆ ಕೆಲಸ ನನಗೆ ಕೊಟ್ಟಿದ್ದರು. ನನಗೂ ಅದರ ಜಂಬವಿತ್ತು.

ಹೋದ ತಿಂಗಳು ಒಂದು ಸಂಜೆ ಎಣಿಸಿ "ಹದಿಮೂರು" ಅಂದುಬಿಟ್ಟೆ. ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೂಜಿ ಮರಿ ಹಾಕಿದೆ ಅಂದಳು. ಮರುದಿನ ಬಟನ್ ಅಂಗಡಿಯವನಿಗೂ ಹೇಳಿದಳು. ಅವನು ಗಿರಾಕಿಗಳಿಗೆ ಹೇಳಿದ. ನಾನೂ ನಕ್ಕೆ, ಒಳಗೊಳಗೇ ಕುದ್ದುಹೋದೆ. ಕಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು, ಯಾರಿಗೂ ಬಾಯಿಬಿಟ್ಟಿರಲಿಲ್ಲ. ಅವತ್ತಿನಿಂದ ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸತೊಡಗಿದೆ.

ಹೋದ ಸೋಮವಾರ ಮುಟ್ಟಿ ಎಣಿಸಿದೆ, ಹನ್ನೊಂದೇ ಇದ್ದವು. ಮತ್ತೆ ಎಣಿಸಿದೆ, ಮತ್ತೆ ಹನ್ನೊಂದು. ಹಿಂದೆ ಕಂಡಕ್ಟರಮ್ಮ ಬೀಗ ಹಿಡಿದು ನಿಂತಿದ್ದಳು. ಒಂದು ಎಲ್ಲೋ ಓರೆಯಾಗಿ ಚುಚ್ಚಿರಬೇಕು, ಬೆರಳಿಗೆ ಸಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು "ಹನ್ನೆರಡು" ಅಂದೆ. ಅವಳು "ರೈಟ್" ಅಂದಳು. ಮಂಗಳವಾರ ಅವಳಿಗೆ ಬೇರೆ ಕೆಲಸವಿತ್ತು, ನಾವು ಕೂಡಲಿಲ್ಲ. ಬುಧವಾರ ಬೆಳಿಗ್ಗೆ ಕಟ್ಟಿಟ್ಟಿದ್ದ ಹನ್ನೊಂದು ಕೌದಿಗಳು ನರ್ಸಮ್ಮನ ಜೊತೆ ಹೋದವು.

ಗುರುವಾರ ಹೊಸ ಕೌದಿಗೆ ಕೂತಾಗ ಸೂಜಿ ಒಂದು ಕಡಿಮೆ ಬಂತು. ಸೋಮವಾರ ಸರಿಯಾಗಿತ್ತಲ್ಲ ಎಂದು ಕಂಡಕ್ಟರಮ್ಮ ಕೇಳಿದಳು. ಇತ್ತು ಅಂದೆ. ಚಾಪೆ ಎತ್ತಿ ಕೊಡವಿದೆವು, ಚೂರು ಬಟ್ಟೆಯ ಮೂಟೆಯನ್ನೆಲ್ಲ ಸುರಿದೆವು. ಊಟದ ಹೊತ್ತಾದರೂ ಸಿಗಲಿಲ್ಲ. ಎಲ್ಲೋ ಒಂದು ಕಡೆ ಒಂದು ಕೂಸು ಆ ಸೂಜಿಯ ಮೇಲೆ ಮಗ್ಗುಲು ಹೊರಳುತ್ತಿದೆ ಎಂದು ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಕಂಡಕ್ಟರಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಸುಮ್ಮನೆ ಎದ್ದು ನರ್ಸಮ್ಮನಿಗೆ ಫೋನ್ ಮಾಡಿದಳು. ಬಯ್ದದ್ದು ಉಣ್ಣೆಯಜ್ಜಿ. "ಕಣ್ಣು ಕಾಣಲ್ಲ ಅಂದ್ರೆ ಯಾರೇನು ನಿನ್ನ ಗಲ್ಲಿಗೆ ಹಾಕ್ತಿದ್ರಾ? ನಂಗೂ ಕಾಣಲ್ಲ, ನಾನೇನು ಸತ್ತಿದ್ದೀನಾ?" ಎಂದು ಕೇಳಿದಳು. ಜೀವನದಲ್ಲಿ ಮೊದಲ ಸಲ ಬೈಗುಳ ತಿಂದು ನನಗೆ ಹಗುರವಾಯಿತು.

ನರ್ಸಮ್ಮ ಹನ್ನೊಂದು ಮನೆಗೂ ಫೋನ್ ಮಾಡಿ, ಕೌದಿಯನ್ನು ಮಡಚಿ ಎತ್ತರದಲ್ಲಿಡಿ, ನಾವು ಬಂದು ನೋಡುವ ತನಕ ಮುಟ್ಟಬೇಡಿ ಎಂದು ಹೇಳಿದಳು. ಎಲ್ಲರೂ ಸಿಕ್ಕರು, ಎಲ್ಲ ಮಕ್ಕಳೂ ಚೆನ್ನಾಗಿದ್ದವು. ಆಮೇಲೆ ಬಂದು ಪಟ್ಟಿ ಕೊಟ್ಟಳು. ತಪ್ಪು ನನ್ನದು, ಮನೆಮನೆಗೆ ನಾನೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದೆ. ಪಟ್ಟಿಯಲ್ಲಿ ಹೆಸರುಗಳಿಲ್ಲ. ಮನೆ ನಂಬರು, ಬೀದಿ, ಮಗುವಿನ ವಯಸ್ಸು, ಅಷ್ಟೇ. ನನಗೆ ಓದಲಾಗದೆ ನರ್ಸಮ್ಮನೇ ಓದಿದಳು. ಎರಡನೆಯದು ಓದಿದಾಗ ನಿಲ್ಲಿಸು ಅಂದೆ. ಇನ್ನೊಂದು ಸಲ ಓದಿಸಿದೆ. ಔಷಧಿ ಅಂಗಡಿಯ ಮೇಲೆ, ಮೂರನೇ ಮಹಡಿ, ಎಡಗಡೆ ಬಾಗಿಲು. ಹೆಣ್ಣು ಮಗು, ಮೂರು ತಿಂಗಳು.

ಆ ವಿಳಾಸ ನನಗೆ ಬಾಯಿಪಾಠ. ನೀನು ಬರೆದ ಒಂದೇ ಒಂದು ಕಾಗದದ ಹಿಂದೆ ಇದ್ದದ್ದು ಅದೇ. ಕೆಳಗಿನ ಅಂಗಡಿಯಲ್ಲೇ ಕೆಲಸ ಸಿಕ್ಕಿದೆ, ಮೆಟ್ಟಿಲು ಜಾಸ್ತಿ, ನಿನ್ನ ಮಂಡಿಗೆ ಕಷ್ಟ, ಆದರೂ ಬಾ ಎಂದು ಬರೆದಿದ್ದೆ. ನಾನು ಉತ್ತರ ಬರೆಯಲಿಲ್ಲ. ಮಂಡಿ ನೋವು ಎಂದು ಸುತ್ತಲಿನವರಿಗೆ ಹೇಳಿಕೊಂಡೆ. ಎರಡು ಬಸ್ಸು ಬದಲಿಸಿದರೆ ಸಿಗುವ ಮನೆಗೆ ಎರಡು ವರ್ಷ ಬರದೆ ಇರಲು ಬರಿಯ ಮಂಡಿ ಸಾಲುವುದಿಲ್ಲ ಮಗಳೇ, ಅದಕ್ಕೆ ನನ್ನ ಹಾಗೆ ಬಗ್ಗದ ಕತ್ತೂ ಬೇಕು.

ಹಿರಿಯರು ಯಾರೂ ಇಲ್ಲದವರು ಎಂದು ನರ್ಸಮ್ಮ ಆರಿಸಿದ ಪಟ್ಟಿಯಲ್ಲಿ ನನ್ನ ಮಗಳಿದ್ದಳು. ನಾನು ಇಲ್ಲಿ ಎರಡು ಬಸ್ಸಿನ ಆಚೆ ಕೂತು ಊರ ಮಕ್ಕಳಿಗೆಲ್ಲ ಬೆಚ್ಚಗಿರಲಿ ಎಂದು ಹೊಲಿಯುತ್ತಿದ್ದೆ. ನೀನು ಬಸುರಿಯಾದದ್ದು, ಹೆತ್ತದ್ದು, ಯಾವುದೂ ನನಗೆ ಗೊತ್ತಿರಲಿಲ್ಲ. ಅತ್ತುಬಿಟ್ಟೆ. ನರ್ಸಮ್ಮ ಕಣ್ಣಿಗೆ ಔಷಧಿ ಹಾಕಿಕೊಳ್ಳಿ ಅಂದಳು, ಪಾಪ.

ಇನ್ನೊಂದು ಹೇಳುತ್ತೇನೆ, ನಗಬೇಡ. ನಿಮಗೆ ಸಿಕ್ಕ ಕೌದಿ ನಾನು ಹೊಲಿದದ್ದಲ್ಲ. ಕಂಡಕ್ಟರಮ್ಮನದು. ಹೊಲಿಗೆ ನೋಡಿದರೇ ತಿಳಿಯುತ್ತದೆ, ಏರುದಾರಿಯ ಬಸ್ಸಿನ ಹಾಗೆ ಆ ಕಡೆ ಈ ಕಡೆ ವಾಲಿಕೊಂಡು ಹೋಗಿದೆ. ನನ್ನ ಮೊಮ್ಮಗಳಿಗೆ ಅವಳ ಕೌದಿ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ನಿನ್ನ ಮದುವೆಗೆಂದು ನೀನೇ ತಂದುಕೊಟ್ಟ ಕೆನೆ ಬಣ್ಣದ ರೇಷ್ಮೆಯ ಚೂರು ಅದರಲ್ಲಿದೆಯೇನೋ ಎಂದು ನೀನು ಹುಡುಕಿದರೆ ಸಿಗುವುದಿಲ್ಲ. ಆ ಬಟ್ಟೆಗೆ ನಾನು ಕತ್ತರಿ ತಾಗಿಸಿಲ್ಲ. ಪೆಟ್ಟಿಗೆಯಲ್ಲಿ ಹಾಗೇ ಇದೆ.

ಶುಕ್ರವಾರ ಹೊರಟೆ. ರೇಡಿಯೋ ರಿಪೇರಿಯವನು ಹಳೆ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೊಂದನ್ನು ಕೊಟ್ಟಿದ್ದ. ಅದನ್ನು ಕೌದಿಯ ಮೇಲೆ ಗೆರೆ ಎಳೆದ ಹಾಗೆ ಆಡಿಸಿ, ಆಮೇಲೆ ಅಂಗೈಯಿಂದ ಒತ್ತಿ ನೋಡುವುದು. ಒಂದು ಕೌದಿಗೆ ಐದು ನಿಮಿಷ. ಬಾಗಿಲಲ್ಲೇ ಕೂತು ನೋಡಿ, ಕ್ಷಮೆ ಕೇಳಿ, ವಾಪಸು ಕೊಟ್ಟು ಬರುತ್ತಿದ್ದೆ. ಯಾರೂ ನನ್ನನ್ನು ಗದರಿಸಲಿಲ್ಲ ಕಣೆ. ಒಂದು ಮನೆಯಲ್ಲಿ ಹತ್ತೊಂಬತ್ತರ ಹುಡುಗಿ, ತಲೆ ಬಾಚಿ ಮೂರು ದಿನವಾಗಿರಬೇಕು, ಮಗು ಹಾಲು ಕುಡಿದು ಕಕ್ಕುತ್ತದೆ, ಏನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟು, ತೇಗು ಬರಲಿ ಎಂದು ತೋರಿಸಿಕೊಟ್ಟೆ. ತೇಗಿತು. ಅವಳು ಸೂಜಿಯ ವಿಷಯವನ್ನೇ ಮರೆತು ನನ್ನ ಕೈ ಹಿಡಿದುಕೊಂಡಳು. ನಿನಗೆ ಇದನ್ನು ಯಾರು ತೋರಿಸಿಕೊಟ್ಟರೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚನೆ.

ನಿಮ್ಮ ಮನೆ ಪಟ್ಟಿಯಲ್ಲಿ ಎರಡನೆಯದು, ನಾನು ಕೊನೆಗಿಟ್ಟೆ. ಬೇರೆ ಯಾವ ಅಜ್ಜಿಯಾದರೂ ಎದ್ದುಬಿದ್ದು ಮೊದಲು ಅಲ್ಲಿಗೇ ಓಡುತ್ತಿದ್ದಳು. ಕೌದಿ ಬೀರುವಿನ ಮೇಲಿದೆ ಎಂದು ನಿನ್ನ ಗಂಡ ಫೋನಿನಲ್ಲಿ ಹೇಳಿದ್ದು ನರ್ಸಮ್ಮನಿಂದ ಗೊತ್ತಾಗಿತ್ತು, ಅದೇ ಧೈರ್ಯ. ನಿಜ ಹೇಳಬೇಕೆಂದರೆ ನೀನು ಬಾಗಿಲು ತೆಗೆದು, ನನ್ನನ್ನು ನೋಡಿ, ಮತ್ತೆ ಹಾಕಿಕೊಂಡರೆ ಏನು ಮಾಡಲಿ ಎಂಬ ಹೆದರಿಕೆ.

ಶನಿವಾರ ಮಧ್ಯಾಹ್ನ ಅಂಗಡಿಯ ಗಾಜಿನಾಚೆ ನೀನು ಯಾರಿಗೋ ಮಾತ್ರೆ ಎಣಿಸಿ ಕೊಡುತ್ತಿದ್ದೆ. ನೋಡಿದೆ. ಮುಖ ಮಂಜು, ನಿಂತ ನಿಲುವಿನಲ್ಲೇ ಗುರುತು ಸಿಕ್ಕಿತು. ಸಣ್ಣಗಾಗಿದ್ದೀಯ. ಎದುರಿನ ನಿಲ್ದಾಣದ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ, ನಾಲ್ಕು ಬಸ್ಸು ಬಂದು ಹೋದವು. ನೀನು ಮೇಲೆ ಇಲ್ಲ ಎಂದು ಗೊತ್ತಾದ ಮೇಲೇ ಮೆಟ್ಟಿಲು ಹತ್ತಿದ್ದು. ಅದೂ ಹೇಡಿತನವೇ.

ಬಾಗಿಲು ತೆಗೆದವನು ಅವನು. ಬೇಕರಿಯ ಕೆಲಸ ಮುಗಿಸಿ ಬಂದಿದ್ದನೇನೋ, ಹುಬ್ಬಿನಲ್ಲಿ ಹಿಟ್ಟಿತ್ತು, ಕಣ್ಣು ನಿದ್ದೆಗೆ ಎಳೆಯುತ್ತಿತ್ತು, ಭುಜದ ಮೇಲೆ ಮಗುವಿತ್ತು. ಕೌದಿಯವರು ಅಂದೆ. "ಬನ್ನಿ ಅಮ್ಮ, ಬನ್ನಿ, ಮೆಟ್ಟಿಲು ಹತ್ತಿ ಸುಸ್ತಾಗಿರ್ತೀರಾ" ಎಂದು ಕುರ್ಚಿ ಎಳೆದ. ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು. "ಒಂದ್ನಿಮಿಷ ಹಿಡ್ಕೊಳ್ಳಿ" ಎಂದವನೇ ಮಗುವನ್ನು ನನ್ನ ಮಡಿಲಿಗೆ ಹಾಕಿ ಓಡಿದ.

ಏನು ಬರೆಯಲಿ. ಪೊರೆಯ ಜೊತೆಗೆ ನೀರೂ ತುಂಬಿ ನನ್ನ ಕಣ್ಣಿಗೆ ಎಲ್ಲವೂ ಮಂಜು ಮಂಜು, ಮೂಗು ಯಾರದು, ಬಾಯಿ ಯಾರದು, ಒಂದೂ ಸರಿಯಾಗಿ ಕಾಣಲಿಲ್ಲ. ಹತ್ತಿರಕ್ಕೆ ಎತ್ತಿಕೊಂಡೆ. ಕನ್ನಡಕಕ್ಕೆ ಕೈಹಾಕಿ ಎಳೆದಳು, ನಿನ್ನ ಹಾಗೇ ಹಿಡಿದದ್ದನ್ನು ಬಿಡುವವಳಲ್ಲ. ಕತ್ತಿನ ಮಡಿಕೆಯಲ್ಲಿ ಹಾಲಿನ ವಾಸನೆ. ನಾನು ನಿನ್ನ ಅಜ್ಜಿ ಎಂದು ಕಿವಿಯಲ್ಲಿ ಹೇಳಿದೆ, ಅವನಿಗೆ ಕೇಳದ ಹಾಗೆ. ಮೊದಲು ಹೇಳಬೇಕಾದದ್ದು ನಿನಗೆ, ಗೊತ್ತು. ತಡೆಯಲಾಗಲಿಲ್ಲ.

ಅವನು ಬಂದು, ಕೌದಿ ಇಳಿಸಿ ಕೊಟ್ಟ. ನಾನು ಅಯಸ್ಕಾಂತ ತೆಗೆಯಲಿಲ್ಲ. ಇದು ದಪ್ಪ ಇದೆ, ಬೆಳಕಿನಲ್ಲಿ ಬಿಚ್ಚಿ ನೋಡಬೇಕು, ತೆಗೆದುಕೊಂಡು ಹೋಗುತ್ತೇನೆ, ಮತ್ತೆ ತಂದುಕೊಡುತ್ತೇನೆ ಅಂದೆ. ಆಗಲಿ ಅಂದ. ಕೆಳಗಿನ ಮೆಟ್ಟಿಲಿನ ತನಕ ಕೈಹಿಡಿದು ಇಳಿಸಿದ, ಇನ್ನೊಂದು ಕೈಯಲ್ಲಿ ಮಗು. ಬೀದಿಗೆ ಬಂದ ಮೇಲೆ, ನಾನು ಏನೂ ಕೇಳದಿದ್ದರೂ, "ಅವಳು ಭಾನುವಾರ ಇಡೀ ದಿನ ಮನೇಲೇ ಇರ್ತಾಳೆ" ಅಂದ. ಅವಳು ಯಾರು ಎಂದು ನಾನು ಕೇಳಲಿಲ್ಲ. ನೀವು ಯಾರು ಎಂದು ಅವನೂ ಕೇಳಲಿಲ್ಲ. ಅಳಿಯ ಜಾಣ. ನೋಡು, ಅಳಿಯ ಎಂದು ಬರೆದೇಬಿಟ್ಟೆ.

ಅವನ ಮೇಲೆ ನನಗೆ ಎಂದೂ ಕೋಪವಿರಲಿಲ್ಲ. ಒಂದು ವರ್ಷದಲ್ಲಿ ಮೂರು ಬೇಕರಿ ಬದಲಿಸಿದ್ದಾನೆ, ಕಾಲು ನಿಲ್ಲದವನು ಎಂದೆಲ್ಲ ಅಂದೆ. ಅದು ಬಾಯಿಗೆ ಬಂದದ್ದು. ನೀನು ಮದುವೆಯಾಗುತ್ತೀಯ ಎಂದು ನನಗೆ ಹೇಳಿದವನು ಬಟನ್ ಅಂಗಡಿಯವನು. ನಾನು ಎರಡು ಡಜನ್ ಗುಂಡಿ ಕೊಳ್ಳಲು ಹೋಗಿದ್ದೆ. ಗಿರಾಕಿಗಳ ಮುಂದೆ "ಏನಮ್ಮ, ಮಗಳ ಮದುವೆಯಂತೆ, ಸಿಹಿ ಯಾವಾಗ?" ಎಂದು ಕೇಳಿದ. ಹೂಂ ಎಂದು ನಗೆ ಬರಿಸಿಕೊಂಡು ಮನೆಗೆ ಬಂದೆ. ನಿನ್ನಪ್ಪ ಹೋದ ಮೇಲೆ ನಾನು, ನೀನು, ಆ ಯಂತ್ರ, ಮೂರೇ ಜೀವ ಅಲ್ಲವೇ ನಮ್ಮ ಮನೆಯಲ್ಲಿ. ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತಲ್ಲ ಎಂಬುದು ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ನೀನು ಆ ರೇಷ್ಮೆ ಬಟ್ಟೆ ಹಿಡಿದು ಬಂದು, ಅಮ್ಮ ಇದನ್ನು ನೀನೇ ಹೊಲಿಯಬೇಕು ಅಂದಾಗ, ಊರಿನ ಅರ್ಧ ಮದುವೆಗೆ ಹೊಲಿದ ನಾನು ಇದಕ್ಕೆ ಕತ್ತರಿ ಹಚ್ಚುವುದಿಲ್ಲ ಅಂದೆ. ಮಗು ಎತ್ತಿಕೊಂಡು ಬಂದರೂ ಈ ಬಾಗಿಲು ತೆಗೆಯುವುದಿಲ್ಲ ಎಂದೂ ಅಂದೆ. ಆ ಮಾತನ್ನು ನೀನು ಮರೆತಿಲ್ಲ, ಅದಕ್ಕೇ ಮಗುವಾದದ್ದನ್ನು ತಿಳಿಸಲಿಲ್ಲ. ನಿನ್ನದು ತಪ್ಪಲ್ಲ. ನನಗೆ ಹೇಳಲು ನೀನು ಯಾಕೆ ಹೆದರಿದೆ ಎಂದು ಅವತ್ತೇ ನನ್ನನ್ನು ನಾನು ಕೇಳಿಕೊಳ್ಳಬೇಕಿತ್ತು. ನನ್ನ ಬಾಯಿ ನೋಡಿದರೆ ಯಾರು ತಾನೇ ಮೊದಲು ನನ್ನ ಹತ್ತಿರ ಬಂದು ಹೇಳುತ್ತಾರೆ?

ಕ್ಷಮಿಸು ಎಂದು ಕೇಳುತ್ತಿದ್ದೇನೆ ಮಗಳೇ. ಸುತ್ತುಬಳಸಿ ಬರೆಯಲು ಬರುವುದಿಲ್ಲ.

ಬರುವ ಭಾನುವಾರ ಕೌದಿ ತೆಗೆದುಕೊಂಡು ಬರುತ್ತೇನೆ. ಹನ್ನೊಂದು ಗಂಟೆಗೆ ಬಾಗಿಲು ತಟ್ಟುತ್ತೇನೆ. ಬರುವುದು ಬೇಡ ಅನ್ನಿಸಿದರೆ ಅದಕ್ಕೂ ನಿನಗೆ ಹಕ್ಕಿದೆ, ನರ್ಸಮ್ಮನ ಹತ್ತಿರ ಒಂದು ಮಾತು ಹೇಳಿಕಳಿಸು. ಕೌದಿಯನ್ನು ಅವಳ ಕೈಗೆ ಕೊಟ್ಟು ಸುಮ್ಮನಾಗುತ್ತೇನೆ, ರಂಪ ಮಾಡುವುದಿಲ್ಲ. ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಕಂಡಕ್ಟರಮ್ಮ ಜೊತೆಗೆ ಬರುತ್ತಾಳೆ, ಈಗ ಸೂಜಿ ಎಣಿಸುವವಳೂ ಅವಳೇ. ಕಣ್ಣು ಸರಿಯಾದ ಮೇಲೆ ಮೊದಲು ಏನು ನೋಡಬೇಕು ಎಂಬುದು ನೀನು ಹೂಂ ಅನ್ನುವುದರ ಮೇಲಿದೆ.

ನಿಮ್ಮ ಕೌದಿಯ ಸೊಟ್ಟ ಹೊಲಿಗೆಯನ್ನು ಬಿಚ್ಚಿ ನೇರ ಮಾಡಲೇ ಎಂದು ಕೈ ತುರಿಸಿತು. ಮಾಡಲಿಲ್ಲ. ಅವಳು ಪ್ರೀತಿಯಿಂದ ಹೊಲಿದದ್ದು, ಹಾಗೇ ಇರಲಿ.

ಸಿಟ್ಟು ಮಾಡಿ ಮಾಡಿ ದಣಿದಿರುವ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆಗೆ ಅಂಟು ಹಚ್ಚುವ ಮೊದಲು ಹೇಳಿಬಿಡುತ್ತೇನೆ. ಸೂಜಿ ಸಿಕ್ಕಿದ್ದು ಶುಕ್ರವಾರ ಸಂಜೆ, ಏಳನೇ ಮನೆಯ ಕೌದಿಯಲ್ಲಿ, ಅಂಚಿನ ಮಡಿಕೆಯ ಒಳಗೆ. ಉಳಿದ ಮನೆಗಳಿಗೆ ಇನ್ನು ಹೆದರಿಕೆಯಿಲ್ಲ ಎಂದು ನರ್ಸಮ್ಮ ಆಗಲೇ ಫೋನ್ ಮಾಡಿದಳು, ನಿಮ್ಮ ಮನೆಗೊಂದು ಬಿಟ್ಟು. ಅಲ್ಲಿಗೆ ಮಾಡಬೇಡ ಎಂದು ಅವಳ ಕೈಹಿಡಿದು ಕೇಳಿಕೊಂಡವಳು ನಾನು. ಶನಿವಾರ ನಾನು ನಿಮ್ಮ ಮೆಟ್ಟಿಲು ಹತ್ತುವಾಗ ಹನ್ನೆರಡು ಸೂಜಿಯೂ ನಮ್ಮ ಕೋಣೆಯ ಗೋಡೆಯ ಮೇಲೆ ಇದ್ದವು.